ಬಿಸಿಲಲ್ಲಿ ಬಾಯ್ದೆರೆದ ಕೋಳಿಗಳ ಪರವಾಗಿ ಒಂದು ಬಹಿರಂಗ ಪತ್ರ

ಇವರಿಗೆ,
ಬೀದರ್ ಜಿಲ್ಲಾಡಳಿತ, ಪಶುಪಾಲನಾ ಇಲಾಖೆಯ ಅಧಿಕಾರಿಗಳು, ಬೀದರ್, ಭಾಲ್ಕಿ ಮತ್ತು ಔರಾದ್ ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಹಾಗೂ ಜಿಲ್ಲೆಯ ನಾಗರಿಕ ಬಂಧುಗಳು.

ವಿಷಯ: ಬೇಸಿಗೆಯಲ್ಲಿ ಜೀವಂತ ಕೋಳಿಗಳ ಸಾಗಣೆ ಮತ್ತು ಮಾರಾಟದ ವೇಳೆ ನಡೆಯುವ ಹಿಂಸೆಯನ್ನು ತಡೆಯುವ ಕುರಿತು.

ಮಾನ್ಯರೇ,

ಮಾರ್ಚ್ ಅರ್ಧ ದಾಟಿತೆಂದರೆ ನಮ್ಮ ಬೀದರ್ ಸೀಮೆಯಲ್ಲಿ ಹನ್ನೊಂದು ಗಂಟೆಯ ಮೇಲೆ ರಸ್ತೆಗಳು ಖಾಲಿಯಾಗತೊಡಗುತ್ತವೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ದಾಟುತ್ತದೆ. ತಲೆಗೆ ಟವೆಲ್ ಸುತ್ತಿಕೊಳ್ಳದೆ, ಜೊತೆಗೆ ನೀರಿಟ್ಟುಕೊಳ್ಳದೆ ಯಾರೂ ಊರು ಬಿಡುವುದಿಲ್ಲ. ಅದೇ ಹೊತ್ತಿನಲ್ಲಿ ಔರಾದ್ ರಸ್ತೆಯಲ್ಲಿ, ಭಾಲ್ಕಿ ರಸ್ತೆಯಲ್ಲಿ ಕೋಳಿ ತುಂಬಿದ ಗಾಡಿಗಳು ಓಡುತ್ತಿರುತ್ತವೆ. ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕ್ರೇಟುಗಳು; ಮೇಲೆ ನೆರಳಿಲ್ಲ, ಒಳಗೆ ಹನಿ ನೀರಿಲ್ಲ. ಸಂತೆಯ ದಿನವಾದರೆ ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಕಾಲು ಕಟ್ಟಿ ತಲೆಕೆಳಗಾಗಿ ತೂಗಿಬಿಟ್ಟ ಕೋಳಿಗಳ ಗೊಂಚಲುಗಳು. ನಾವೆಲ್ಲ ನೋಡುತ್ತೇವೆ, ದಾಟಿ ಹೋಗುತ್ತೇವೆ. ಈ ದಾಟಿ ಹೋಗುವುದು ಇನ್ನು ಸಾಕು ಎಂದು ಹೇಳಲು ಈ ಪತ್ರ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಊರು ಭಾಲ್ಕಿ ತಾಲ್ಲೂಕು. ಮನೆಯಲ್ಲಿ ಅವ್ವನ ಕಾಲದಿಂದ ಜವಾರಿ ಕೋಳಿಗಳಿವೆ. ತಮ್ಮ ಸಣ್ಣದೊಂದು ಫಾರಂ ನಡೆಸುತ್ತಾನೆ. ಆದ್ದರಿಂದ ಮಾಂಸ ತಿನ್ನಬೇಡಿ ಎಂದಾಗಲಿ, ಕೋಳಿ ವ್ಯಾಪಾರ ನಿಲ್ಲಿಸಿ ಎಂದಾಗಲಿ ನಾನು ಬರೆಯುತ್ತಿಲ್ಲ. ಸಾಕುವವರೂ ಮಾರುವವರೂ ನನ್ನ ಜನವೇ. ಕೊಯ್ಯುವ ಕೋಳಿಗೂ ಕೊಯ್ಯುವ ಕ್ಷಣದವರೆಗೆ ಜೀವವಿದೆ, ಆ ಜೀವ ಅನುಭವಿಸುವ ಸಂಕಟವನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ ಎಂಬುದಷ್ಟೇ ನನ್ನ ವಾದ.

ಕಳೆದ ಬೇಸಿಗೆಯಲ್ಲಿ ಭಾಲ್ಕಿಯ ಒಂದು ಅಂಗಡಿಯ ಮುಂದೆ ನಿಂತಿದ್ದ ಗಾಡಿಯನ್ನು ಹತ್ತಿರದಿಂದ ನೋಡಿದೆ. ಕೆಳಗಿನಿಂದ ಎರಡನೇ ಕ್ರೇಟಿನಲ್ಲಿದ್ದ ಒಂದು ಕೋಳಿ ಕೊಕ್ಕನ್ನು ಪೂರ್ತಿ ತೆರೆದಿತ್ತು. ಗಂಟಲ ಚರ್ಮ ಪಟಪಟನೆ ಅದುರುತ್ತಿತ್ತು. ಗಾಳಿಯಾಡಲೆಂದು ರೆಕ್ಕೆಗಳನ್ನು ಮೈಯಿಂದ ದೂರ ಸರಿಸಲು ನೋಡುತ್ತಿತ್ತು, ಜಾಗವಿರಲಿಲ್ಲ. ಎರಡೂ ಬದಿಗೆ ಬೇರೆ ಕೋಳಿಗಳ ಬಿಸಿ ಮೈ ಒತ್ತಿಕೊಂಡಿತ್ತು. ಜುಟ್ಟು ಕೆಂಪು ಕಳೆದುಕೊಂಡು ನೀಲಿಗೆ ತಿರುಗಿತ್ತು. ಮೇಲಿನ ಕ್ರೇಟುಗಳ ಹಿಕ್ಕೆ ಬೆನ್ನಿನ ಮೇಲೆ ಬಿದ್ದು ಒಣಗಿತ್ತು. ಪಕ್ಕದ್ದು ಆಗಲೇ ಸತ್ತಿತ್ತು. ಬದುಕಿದ್ದದ್ದು ಸತ್ತದ್ದರ ಮೇಲೆ ಕಾಲೂರಿ ನಿಂತಿತ್ತು.

ಆ ಕೋಳಿಯ ಮೈಯೊಳಗೆ ಆಗ ಏನು ನಡೆಯುತ್ತಿತ್ತು ಎಂಬುದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈ ಸಹಜವಾಗಿಯೇ 41 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಸುತ್ತಲ ಗಾಳಿಯೇ ಅಷ್ಟು ಬಿಸಿಯಾದರೆ ಮೈಯ ಕಾವು ಹೊರಹೋಗಲು ಬಾಯಿಯೇ ಮುಖ್ಯ ದಾರಿ. ಏದುಸಿರು ಬಿಟ್ಟು, ಗಂಟಲಿನ ತೇವವನ್ನು ಆವಿಯಾಗಿಸಿ ಅದು ತಣ್ಣಗಾಗಬೇಕು. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯ ಸಿಪ್ಪೆ ತೆಳ್ಳಗಾಗುವುದಕ್ಕೂ ಇದು ಒಂದು ಕಾರಣ. ನೀರು ಸಿಗದಿದ್ದರೆ ಆವಿಯಾಗಲು ತೇವವೂ ಉಳಿಯುವುದಿಲ್ಲ.

ಇಲ್ಲಿ ಹಾರ್ಮೋನಿನ ಮಾತು ಬರುತ್ತದೆ. ಬ್ರಾಯ್ಲರ್ ಕೋಳಿ ಎಂದರೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಉಬ್ಬಿಸಿದ್ದು ಎಂಬ ನಂಬಿಕೆ ನಮ್ಮಲ್ಲಿ ಚಹಾ ಅಂಗಡಿಯಿಂದ ಹಿಡಿದು ವಾಟ್ಸ್ಆ್ಯಪ್ ತನಕ ಹರಡಿದೆ. ಅದು ತಪ್ಪು ನಂಬಿಕೆ. ಆರು ವಾರದೊಳಗೆ ಎರಡು ಕಿಲೋ ತೂಗುವುದು ಹಲವು ದಶಕಗಳ ತಳಿ ಆಯ್ಕೆ ಮತ್ತು ಲೆಕ್ಕ ಹಾಕಿ ಕೊಡುವ ಆಹಾರದ ಫಲ. ಬೆಳವಣಿಗೆಯ ಹಾರ್ಮೋನು ಪ್ರೋಟೀನ್ ಆದ್ದರಿಂದ ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗಳಿಗೆ ಮತ್ತೆ ಮತ್ತೆ ಸೂಜಿ ಚುಚ್ಚುತ್ತ ಕೂತರೆ ಖರ್ಚು ಕೋಳಿಯ ಬೆಲೆಯನ್ನೇ ಮೀರುತ್ತದೆ. ಇಲ್ಲದ ಹಾರ್ಮೋನಿಗೆ ಇಷ್ಟು ಹೆದರುವ ನಾವು, ಇರುವ ಹಾರ್ಮೋನಿನ ಕಡೆ ಕಣ್ಣೆತ್ತಿ ನೋಡಿಲ್ಲ. ಅದನ್ನು ಕೋಳಿಯ ಮೈಯೇ ತಯಾರಿಸುತ್ತದೆ. ಅದು ಮಿತಿಮೀರುವಂತೆ ಮಾಡುವುದು ನಾವು.

ಕೋಳಿಯ ಎರಡೂ ಮೂತ್ರಪಿಂಡಗಳ ಮುಂತುದಿಯಲ್ಲಿ ಹಳದಿ ಛಾಯೆಯ ಪುಟ್ಟ ಅಡ್ರಿನಲ್ ಗ್ರಂಥಿಗಳಿವೆ. ಮನುಷ್ಯರಲ್ಲಿ ಈ ಗ್ರಂಥಿಗೆ ಹೊರಪದರ, ಒಳತಿರುಳು ಎಂದು ಬೇರೆ ಬೇರೆ ಭಾಗಗಳಿವೆ. ಹಕ್ಕಿಗಳಲ್ಲಿ ಎರಡೂ ಬಗೆಯ ಜೀವಕೋಶಗಳು ಒಂದರೊಳಗೊಂದು ಬೆರೆತಿರುತ್ತವೆ. ಭಯವಾದಾಗ, ಕಾವು ಏರಿದಾಗ, ನೀರು ತಪ್ಪಿದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಅಡ್ರಿನಲ್ಲನ್ನು ಎಚ್ಚರಿಸುತ್ತದೆ. ಅಡ್ರಿನಲ್ ಕಾರ್ಟಿಕೊಸ್ಟೆರಾನ್ ಎಂಬ ಸ್ಟೆರಾಯ್ಡನ್ನು ರಕ್ತಕ್ಕೆ ಬಿಡುತ್ತದೆ. ಮನುಷ್ಯರಲ್ಲಿ ಕಾರ್ಟಿಸಾಲ್ ಮಾಡುವ ಮುಖ್ಯ ಕೆಲಸವನ್ನು ಹಕ್ಕಿ, ಹಾವು, ಹಲ್ಲಿ, ಕಪ್ಪೆಗಳಲ್ಲಿ ಮಾಡುವುದು ಇದೇ. ಇವುಗಳಲ್ಲಿ ಈ ಹಾರ್ಮೋನಿನ ಸಹಜ ಮಟ್ಟವನ್ನು ಅಳೆಯಬೇಕಾದ ಸಂಶೋಧಕರು ಪ್ರಾಣಿಯನ್ನು ಹಿಡಿದ ಮೂರು ನಿಮಿಷದೊಳಗೆ ರಕ್ತ ತೆಗೆಯುತ್ತಾರೆ. ತಡವಾದರೆ ಹಿಡಿದ ಭಯಕ್ಕೇ ಹಾರ್ಮೋನು ಏರಿಬಿಟ್ಟಿರುತ್ತದೆ. ಮೂರು ನಿಮಿಷದ ಹಿಡಿತಕ್ಕೇ ಹೀಗಾದರೆ, ಗಂಟೆಗಟ್ಟಲೆ ಬಿಸಿಲಿನ ಪ್ರಯಾಣಕ್ಕೆ ಏನಾದೀತು ಎಂಬುದನ್ನು ಊಹಿಸಿಕೊಳ್ಳಿ.

ಈ ಹಾರ್ಮೋನು ಕೆಟ್ಟದ್ದಲ್ಲ. ಮೊದಲ ಮಳೆಗೆ ಔರಾದಿನ ಎರೆಹೊಲಗಳ ತಗ್ಗುಗಳಲ್ಲಿ ನಿಲ್ಲುವ ನೀರಿನಲ್ಲಿ ಗೊದಮೊಟ್ಟೆಗಳು ಆಡುವುದನ್ನು ನೋಡಿರುತ್ತೀರಿ. ನೀರು ಇಂಗುತ್ತ ಬಂದಾಗ ಕೆಲವು ಜಾತಿಯ ಗೊದಮೊಟ್ಟೆಗಳಲ್ಲಿ ಇದೇ ಒತ್ತಡದ ವ್ಯವಸ್ಥೆ ಚುರುಕಾಗುತ್ತದೆ. ಕಾರ್ಟಿಕೊಸ್ಟೆರಾನ್ ಥೈರಾಯ್ಡ್ ಹಾರ್ಮೋನಿಗೆ ಬಲ ಕೊಟ್ಟು ರೂಪಾಂತರವನ್ನು ಅವಸರಿಸುತ್ತದೆ. ಮೈ ಸಣ್ಣದಾದರೂ ಚಿಂತೆಯಿಲ್ಲ, ನೀರು ಬತ್ತುವ ಮೊದಲೇ ಕಾಲು ಮೂಡಿ ದಡ ಸೇರಿದರೆ ಸಾಕು. ಅಪಾಯದಿಂದ ಪಾರಾಗಲು ಪ್ರಕೃತಿ ಕೊಟ್ಟ ಸಾಧನವಿದು. ಆದರೆ ಪಾರಾಗಲು ದಾರಿಯಿದ್ದಾಗ ಮಾತ್ರ ಇದರಿಂದ ಉಪಯೋಗ. ಗೊದಮೊಟ್ಟೆಗೆ ದಡವಿದೆ, ಕ್ರೇಟಿನಲ್ಲಿರುವ ಕೋಳಿಗೆ ಎಲ್ಲಿಯ ದಡ?

ದಾರಿ ಮುಚ್ಚಿದಾಗ ಇದೇ ಹಾರ್ಮೋನು ಹೇಗೆ ಸಾವಿನ ಮುನ್ಸೂಚನೆಯಾಗುತ್ತದೆ ಎಂಬುದಕ್ಕೆ ಗಲಾಪಗೋಸ್ ದ್ವೀಪಗಳ ಕಡಲ ಇಗುವಾನಾ ಎಂಬ ಹಲ್ಲಿಗಳೇ ಸಾಕ್ಷಿ. 2001ರ ಜನವರಿಯಲ್ಲಿ ಅಲ್ಲಿ ಜೆಸ್ಸಿಕಾ ಎಂಬ ತೈಲ ಹಡಗು ನೆಲ ಕಚ್ಚಿ ಎಣ್ಣೆ ಸೋರಿತು. ಸಾಂತಾ ಫೆ ದ್ವೀಪಕ್ಕೆ ತಲುಪಿದ ಎಣ್ಣೆ ತೀರಾ ಸ್ವಲ್ಪ. ಹಲ್ಲಿಗಳು ಹೊರನೋಟಕ್ಕೆ ಚೆನ್ನಾಗಿಯೇ ಇದ್ದವು. ಆದರೆ ಅವುಗಳ ರಕ್ತದಲ್ಲಿ ಕಾರ್ಟಿಕೊಸ್ಟೆರಾನ್ ಏರಿತ್ತು. ಒಂದು ವರ್ಷದೊಳಗೆ ಆ ದ್ವೀಪದ ಇಗುವಾನಾಗಳಲ್ಲಿ ನೂರಕ್ಕೆ 62 ಸತ್ತವು. ಕಣ್ಣಿಗೆ ಕಾಣದ ಸಂಕಟವನ್ನು ರಕ್ತ ಮೊದಲೇ ಹೇಳಿತ್ತು. ಬಾಯಿಲ್ಲದ ಜೀವದ ದೂರು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ದಾಖಲಾದೀತು?

ಕೋಳಿಯ ವಿಷಯದಲ್ಲಿ ಈ ದೂರಿಗೆ ಲೆಕ್ಕವೂ ಇದೆ. ಕಾರ್ಟಿಕೊಸ್ಟೆರಾನ್ ಹೆಚ್ಚು ಹೊತ್ತು ಏರಿಯೇ ಇದ್ದರೆ ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಸಕ್ಕರೆ ಮಾಡುತ್ತದೆ. ಅಂದರೆ ರೈತ ಆರು ವಾರ ಕಾಳು ಹಾಕಿ ಕಟ್ಟಿದ ಮೈಯನ್ನೇ ಅದು ಒಡೆಯತೊಡಗುತ್ತದೆ. ಬಾಲದ ಬುಡದಲ್ಲಿರುವ ಬರ್ಸಾ ಎಂಬ ಚೀಲ ಮತ್ತು ಕತ್ತಿನಲ್ಲಿರುವ ಥೈಮಸ್ ಹಕ್ಕಿಯ ರೋಗನಿರೋಧಕ ಶಕ್ತಿಯ ತವರು. ಒತ್ತಡ ದಿನಗಟ್ಟಲೆ ಮುಂದುವರಿದರೆ ಇವೆರಡೂ ಕುಗ್ಗುತ್ತವೆ. ಸಾಗಣೆಯ ಒತ್ತಡದಲ್ಲಿ ಕೋಳಿಯ ಕರುಳಿನಿಂದ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಹಿಕ್ಕೆಯ ಮೂಲಕ ಹೆಚ್ಚು ಹೊರಬೀಳುತ್ತವೆ. ಆ ಹಿಕ್ಕೆ ಕೆಳಗಿನ ಕ್ರೇಟಿನ ಕೋಳಿಗಳ ಮೇಲೆ ಬೀಳುತ್ತದೆ. ಅಲ್ಲಿಂದ ಅಂಗಡಿಯ ಹಲಗೆಗೆ, ನಮ್ಮ ಅಡುಗೆಮನೆಗೆ ಬರಲು ಎಷ್ಟು ದೂರ? ಕಾಲು ಹಿಡಿದು ತಲೆಕೆಳಗಾಗಿ ಒಯ್ದ ಕೋಳಿಗಳಲ್ಲಿ, ನೆಟ್ಟಗೆ ಎತ್ತಿಕೊಂಡವುಗಳಿಗಿಂತ ಈ ಹಾರ್ಮೋನು ಹೆಚ್ಚಿರುತ್ತದೆ ಎಂದು 1996ರಲ್ಲೇ ಪ್ರಕಟವಾದ ಅಧ್ಯಯನ ತೋರಿಸಿದೆ. ‘ಕೋಳಿಗೇನು ಗೊತ್ತಾಗ್ತದ’ ಎನ್ನುವ ಮಾತಿಗೆ ಇಷ್ಟು ಉತ್ತರ ಸಾಕು.

ಈ ಒತ್ತಡವನ್ನು ಅಳೆಯಲು ದೊಡ್ಡ ಯಂತ್ರವೂ ಬೇಡ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇಟ್ಟಿಗೆಗೆಂಪು ಕಡ್ಡಿಗಳಂಥ ಕಣಗಳು ತುಂಬಿದ ಹೆಟೆರೊಫಿಲ್ ಕೋಶಗಳೂ, ದುಂಡನೆಯ ನೀಲಿ ಲಿಂಫೊಸೈಟ್‌ಗಳೂ ಕಾಣುತ್ತವೆ. ಕಾರ್ಟಿಕೊಸ್ಟೆರಾನ್ ಏರಿದಂತೆ ಮೊದಲನೆಯವು ಹೆಚ್ಚುತ್ತವೆ, ಎರಡನೆಯವು ಇಳಿಯುತ್ತವೆ. ಇವೆರಡರ ಅನುಪಾತ 0.2ರ ಹತ್ತಿರವಿದ್ದರೆ ಒತ್ತಡ ಕಡಿಮೆ, 0.8ರ ಹತ್ತಿರ ಬಂದರೆ ತೀವ್ರ ಎಂದು ಕೋಳಿ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. 1983ರಲ್ಲಿ ಗ್ರಾಸ್ ಮತ್ತು ಸೀಗಲ್ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕೋಳಿಯನ್ನು ಮುಟ್ಟದೆ ಹಿಕ್ಕೆಯಿಂದಲೂ ಈ ಹಾರ್ಮೋನಿನ ಅಂಶವನ್ನು ಅಳೆಯಬಹುದು.

ಇನ್ನು ಕಾನೂನು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅನಗತ್ಯ ನೋವಾಗುವ ರೀತಿಯಲ್ಲಿ ಯಾವುದೇ ಪ್ರಾಣಿಯನ್ನು ಸಾಗಿಸುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. 1978ರ ಪ್ರಾಣಿಗಳ ಸಾಗಣೆ ನಿಯಮಗಳಿಗೆ 2001ರಲ್ಲಿ ತಿದ್ದುಪಡಿಯಾಗಿ ಕೋಳಿಗಳಿಗೆಂದೇ ಒಂದು ಅಧ್ಯಾಯ ಸೇರಿತು. ಬಿಸಿಲು, ಮಳೆ, ನೇರ ಗಾಳಿಗೆ ಕೋಳಿಗಳನ್ನು ಒಡ್ಡಬಾರದು. ತಾಪಮಾನ 25 ಡಿಗ್ರಿ ಮೀರಿದಾಗ ಸಾಗಿಸಬಾರದು. ರಸ್ತೆ ಸಾಗಣೆಯಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಡಬಾರದು. ಬೇಸಿಗೆಯಲ್ಲಿ ಆರು ಗಂಟೆಗೊಮ್ಮೆ ನೀರು ಕೊಡಬೇಕು ಎಂದೆಲ್ಲ ಅದರಲ್ಲಿ ಬರೆದಿದೆ. ಜಲ್ಲಿಕಟ್ಟು ಪ್ರಕರಣದಲ್ಲಿ 2014ರ ಮೇ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಹಸಿವು ಬಾಯಾರಿಕೆಯಿಂದ, ಭಯದಿಂದ, ಸೆಕೆ ಚಳಿಯ ಬಾಧೆಯಿಂದ, ನೋವು ರೋಗಗಳಿಂದ ಮುಕ್ತಿ ಮತ್ತು ಸಹಜವಾಗಿ ನಡೆದುಕೊಳ್ಳುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಪ್ರಾಣಿಗಳ ಹಕ್ಕೆಂದು ಎತ್ತಿಹಿಡಿಯಿತು.

ಪುಸ್ತಕದಲ್ಲಿ ಇಷ್ಟೆಲ್ಲ ಇದ್ದೂ ರಸ್ತೆಯಲ್ಲಿ ಏಕಿಲ್ಲ? ಒಂದು ಕಾರಣ ದಂಡದ ಮೊತ್ತ. 1960ರ ಕಾಯ್ದೆಯ ಪ್ರಕಾರ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಂದು ಒಂದು ಕೋಳಿಯ ಬೆಲೆಯೂ ಅಲ್ಲ ಅದು. ಇನ್ನೊಂದು ಕಾರಣ, ನಿಯಮವನ್ನು ಅಕ್ಷರಶಃ ಪಾಲಿಸುವುದು ನಮ್ಮಲ್ಲಿ ಕಷ್ಟ. ಮೇ ತಿಂಗಳಲ್ಲಿ ನಮ್ಮ ರಾತ್ರಿಗಳೂ ಎಷ್ಟೋ ಸಲ 25 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಪೂರ್ತಿ ಪಾಲಿಸಲು ಆಗದ ನಿಯಮವನ್ನು ಪೂರ್ತಿ ಕೈಬಿಟ್ಟರೂ ನಡೆಯುತ್ತದೆ ಎಂಬ ಮನೋಭಾವ ಎಲ್ಲರಲ್ಲೂ ಬೆಳೆದಿದೆ. ನನ್ನ ತಕರಾರು ಇರುವುದು ಇಲ್ಲಿಯೇ. 25 ಡಿಗ್ರಿ ಸಾಧ್ಯವಿಲ್ಲದಿದ್ದರೆ 28ರಲ್ಲಿ ಸಾಗಿಸೋಣ, ಬೆಳಗಿನ ಜಾವ ಸಾಗಿಸೋಣ. 41 ಡಿಗ್ರಿಯ ಮಧ್ಯಾಹ್ನವನ್ನೇ ಆರಿಸಿಕೊಳ್ಳಬೇಕೆಂದು ಯಾವ ಅನಿವಾರ್ಯತೆಯಿದೆ?

ಅಂಗಡಿಯವನೊಬ್ಬನನ್ನು ಕೇಳಿದೆ. ‘ಸತ್ತರ ಲುಕ್ಸಾನ್ ನಮಗೇ ಅಲ್ಲೇನ್ರಿ ಸರ್, ಬೇಕಂತ ಯಾರರ ಸಾಯಿಸ್ತಾರೇನ್ರಿ? ಗಾಡಿ ಬರೋ ಟೈಮ್ ನಮ್ಮ ಕೈಯಾಗ ಇಲ್ರಿ’ ಅಂದ. ಅವನ ಮಾತು ನಿಜ. ಫಾರಂನಿಂದ ಕೋಳಿ ಎತ್ತುವ ಹೊತ್ತನ್ನು ನಿರ್ಧರಿಸುವುದು ಸಾಕುವ ರೈತನೂ ಅಲ್ಲ, ಮಾರುವ ಚಿಲ್ಲರೆ ಅಂಗಡಿಯವನೂ ಅಲ್ಲ. ನಡುವಿನವರು ಗಾಡಿ ಯಾವಾಗ ಖಾಲಿಯಿದೆ, ಆಳು ಯಾವಾಗ ಸಿಗುತ್ತಾರೆ ಎಂದು ನೋಡಿ ಲಿಫ್ಟಿಂಗ್ ಇಡುತ್ತಾರೆ. ಒಬ್ಬರು ಹೊತ್ತು ಬದಲಿಸಿದರೆ ಪಕ್ಕದವರು ಮೊದಲು ಮಾರುಕಟ್ಟೆ ಮುಟ್ಟುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಎಲ್ಲರಿಗೂ ಒಂದೇ ಆದೇಶ ಇದ್ದರೆ ಮಾತ್ರ ಈ ಗಂಟು ಬಿಚ್ಚುತ್ತದೆ. ಅಂಥ ಆದೇಶ ಸರ್ಕಾರದಿಂದಲೇ ಬರಬೇಕು. ಅದಕ್ಕೇ ಈ ಪತ್ರ ತಮ್ಮ ಮುಂದಿದೆ.

ನನ್ನ ಬೇಡಿಕೆಗಳು ಇವು.

1. ಮಾರ್ಚ್ 15ರಿಂದ ಜೂನ್‌ನಲ್ಲಿ ಮಳೆ ಹಿಡಿಯುವವರೆಗೆ, ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಜೀವಂತ ಕೋಳಿಗಳ ಸಾಗಣೆಯನ್ನು ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ನಿಲ್ಲಿಸಬೇಕು. ಲಿಫ್ಟಿಂಗ್ ರಾತ್ರಿ ಅಥವಾ ನಸುಕಿನಲ್ಲಿ ನಡೆಯಲಿ. ಕತ್ತಲಲ್ಲಿ ಕೋಳಿಗಳು ಶಾಂತವಾಗಿರುವುದರಿಂದ ಹಿಡಿಯುವವರಿಗೂ ಅನುಕೂಲ.

2. ಕಾಲು ಕಟ್ಟಿ ವಾಹನಕ್ಕೆ ತಲೆಕೆಳಗಾಗಿ ತೂಗಿಹಾಕುವುದನ್ನು ಸಂಪೂರ್ಣ ನಿಲ್ಲಿಸಬೇಕು. ಸಂತೆಗೆ ಜವಾರಿ ಕೋಳಿ ತರುವವರು ಹೆಚ್ಚಿನಂಶ ಬಡ ಹೆಣ್ಣುಮಕ್ಕಳು. ಅವರಿಗೆ ದಂಡ ಹಾಕುವ ಮೊದಲು ಬಿದಿರಿನ ಬುಟ್ಟಿ ಕೊಡಿ. ಔರಾದ್, ಭಾಲ್ಕಿ ಸಂತೆಗಳಲ್ಲಿ ಕೋಳಿ ಮಾರುವ ಜಾಗಕ್ಕೆ ತಗಡಿನ ಬದಲು ಹುಲ್ಲಿನ ಚಪ್ಪರವೊಂದು ಬೀಳಲಿ.

3. ಕೋಳಿ ಅಂಗಡಿಗಳ ಪರವಾನಗಿ ನವೀಕರಿಸುವಾಗ ನೆರಳು, ಗಾಳಿ, ಪಂಜರದೊಳಗೆ ನೀರಿನ ತಟ್ಟೆ ಈ ಮೂರನ್ನು ಕಡ್ಡಾಯ ಷರತ್ತು ಮಾಡಬೇಕು. ಬೇಸಿಗೆಯಲ್ಲಿ ನೀರಿಗೆ ಎಲೆಕ್ಟ್ರೊಲೈಟ್ ಮತ್ತು ವಿಟಮಿನ್ ಸಿ ಬೆರೆಸುವ ಪದ್ಧತಿಯನ್ನು ಪಶುವೈದ್ಯರು ಅಂಗಡಿಯವರಿಗೆ ಹೇಳಿಕೊಡಲಿ.

4. ನಮ್ಮದು ಎರಡು ರಾಜ್ಯಗಳ ಗಡಿ ಜಿಲ್ಲೆ. ಮಹಾರಾಷ್ಟ್ರ, ತೆಲಂಗಾಣಗಳಿಗೆ ಹೋಗಿಬರುವ ಗಾಡಿಗಳು ನಮ್ಮ ರಸ್ತೆಗಳಲ್ಲೇ ಓಡುತ್ತವೆ. ಗಡಿಯ ತಪಾಸಣಾ ಸ್ಥಳಗಳಲ್ಲಿ ನೆರಳಿನ ಜಾಗ ಮತ್ತು ನೀರಿನ ನಲ್ಲಿ ಇರಲಿ. ಕೋಳಿ ಗಾಡಿ ಹತ್ತು ನಿಮಿಷ ನಿಲ್ಲಲಿ.

5. ಜಿಲ್ಲಾ ಪ್ರಾಣಿ ದಯಾ ಸಂಘದ ಸಭೆಗಳಲ್ಲಿ ದನಕರುಗಳ ಜೊತೆಗೆ ಕೋಳಿಯ ವಿಷಯವೂ ಚರ್ಚೆಗೆ ಬರಲಿ.

6. 2004ರ ಕಾಯ್ದೆಯಡಿ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಇರುವುದು ನಮ್ಮ ಬೀದರಿನ ನಂದಿನಗರದಲ್ಲಿ. ಇಡೀ ರಾಜ್ಯಕ್ಕೆ ಪಶುವೈದ್ಯರನ್ನು ಕೊಡುವ ಸಂಸ್ಥೆ ಇದು. ಮೇಲೆ ಹೇಳಿದ ರಕ್ತಲೇಪನದ ಪರೀಕ್ಷೆಯನ್ನು ನಮ್ಮ ಮಾರುಕಟ್ಟೆಗಳ ಕೋಳಿಗಳ ಮೇಲೆ ಮಾಡಿ, ಮಧ್ಯಾಹ್ನ ಬಂದ ಗಾಡಿಗೂ ನಸುಕಿನಲ್ಲಿ ಬಂದ ಗಾಡಿಗೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ ಪ್ರಕಟಿಸುವಂತೆ ಅಲ್ಲಿನ ವಿದ್ವಾಂಸರಲ್ಲಿ ಕೈಮುಗಿದು ಕೇಳುತ್ತೇನೆ. ಆ ಅಂಕಿ ಅಂಶ ಕೈಗೆ ಬಂದರೆ ಆದೇಶಕ್ಕೆ ಬಲ ಬರುತ್ತದೆ, ವ್ಯಾಪಾರಿಗೂ ತನ್ನ ಲಾಭ ಕಾಣುತ್ತದೆ.

ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಅನುದಾನ ಬೇಡ. ಮೊದಲನೆಯದಕ್ಕೆ ಬೇಕಿರುವುದು ಒಂದು ಆದೇಶ, ಎರಡನೆಯ, ಮೂರನೆಯದಕ್ಕೆ ಬುಟ್ಟಿ, ಚಪ್ಪರ, ತಟ್ಟೆ. ನಷ್ಟವಂತೂ ಯಾರಿಗೂ ಇಲ್ಲ. ದಾರಿಯಲ್ಲಿ ಸಾಯುವ ಕೋಳಿ ಉಳಿದರೆ ವ್ಯಾಪಾರಿಗೆ ಲಾಭ, ತೂಕ ಇಳಿಯದಿದ್ದರೆ ಅಂಗಡಿಯವನಿಗೆ ಲಾಭ, ರೋಗಾಣು ಕಡಿಮೆಯಾದರೆ ತಿನ್ನುವವನಿಗೆ ಲಾಭ. ಲಾಭವಿಲ್ಲದಿದ್ದರೂ ಮಾಡಲೇಬೇಕಾದ ಕೆಲಸವಿದು. ಸಕಲ ಜೀವಾತ್ಮರಿಗೆ ಲೇಸನ್ನೇ ಬಯಸಿದ ಶರಣರು ಓಡಾಡಿದ ನೆಲ ಇದು. ಬಸವಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿದೆ. ದಯೆಯ ಮಾತನ್ನು ವೇದಿಕೆಯ ಮೇಲೆ ಆಡುವ ನಾವು ರಸ್ತೆಯಲ್ಲಿಯೂ ಅದನ್ನು ಪಾಲಿಸಿ ತೋರಿಸಬೇಕು.

ಕೊನೆಯದಾಗಿ ಕೊಳ್ಳುವ ಬಂಧುಗಳಿಗೆ ಒಂದು ಮಾತು. ಈ ಭಾನುವಾರ ಕೋಳಿ ತರಲು ಹೋದಾಗ ಪಂಜರದ ಕಡೆ ನೋಡಿ. ನೀರಿನ ತಟ್ಟೆ ಇದೆಯೇ, ನೆರಳಿದೆಯೇ, ಕೋಳಿಗಳು ಬಾಯಿ ತೆರೆದು ಏದುತ್ತಿವೆಯೇ ಎಂದು ಗಮನಿಸಿ. ನೀರಿಲ್ಲದಿದ್ದರೆ, ‘ಅಣ್ಣಾ, ಮೊದಲು ಇವಕ್ಕ ನೀರು ಇಡ್ರಿ, ಆಮ್ಯಾಲ ತೂಕ ಮಾಡ್ರಿ’ ಅನ್ನಿ. ಹತ್ತು ಗಿರಾಕಿಗಳು ಹೀಗೆ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ತಟ್ಟೆ ತುಂಬಿರುತ್ತದೆ. ಅಧಿಕಾರಿಗಳ ಆದೇಶ ಬರುವ ತನಕ ಕಾಯಬೇಕಿಲ್ಲ. ಈ ಬೇಸಿಗೆಯಿಂದಲೇ ಶುರು ಮಾಡೋಣ.

ಇಂತಿ ತಮ್ಮ ವಿಶ್ವಾಸಿ,
ಭಾಲ್ಕಿ ತಾಲ್ಲೂಕಿನ ಒಬ್ಬ ಜೀವಶಾಸ್ತ್ರ ಉಪನ್ಯಾಸಕ